ಮಾಬೂಬಿಯ ಕೈಯಲ್ಲಿ ಎಳನೀರು

ಕೋವಿಡ್ ಗದ್ದಲ ಅಡಗಿದ ಮೇಲಿನ ಎರಡನೆಯ ಬೇಸಿಗೆ. ನಾನಾಗ ಹಾವೇರಿ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಡಯಾಲಿಸಿಸ್ ವಿಭಾಗದ ಹೊಣೆ ನನ್ನದು. ಹಾನಗಲ್ಲ, ಶಿಗ್ಗಾಂವ, ಸವಣೂರು, ಹಿರೇಕೆರೂರು ನಾಲ್ಕೂ ಕಡೆ ಕೆಲಸ ಮಾಡಿದವಳು ನಾನು. ಇದು ನಡೆದದ್ದು ಯಾವ ಆಸ್ಪತ್ರೆಯಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಅಲ್ಲಿ ನನ್ನ ಜೊತೆಗಾರ್ತಿಯರು ಇನ್ನೂ ನೌಕರಿಯಲ್ಲಿದ್ದಾರೆ.

ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಶುದ್ಧ ಮಾಡುವುದೇ ಡಯಾಲಿಸಿಸ್. ಒಬ್ಬೊಬ್ಬರಿಗೆ ನಾಲ್ಕು ತಾಸು ಹಿಡಿಯುತ್ತದೆ. ವಾರಕ್ಕೆ ಮೂರು ಸಲ ಆದರೆ ಒಳ್ಳೆಯದು. ನಮ್ಮಲ್ಲಿ ಇದ್ದದ್ದು ಮೂರೇ ಯಂತ್ರ, ಎರಡೇ ಪಾಳಿ. ಹಾಗಾಗಿ ಎಲ್ಲರಿಗೂ ವಾರಕ್ಕೆ ಎರಡೇ ಸಲ.

ಮಾಬೂಬಿ ಹುಲಗೂರಿನವಳು. ನಲವತ್ತರ ಆಸುಪಾಸಿನ ವಯಸ್ಸು, ಮನೆಯಲ್ಲೇ ಕುಳಿತು ಜಂಪರು ಹೊಲಿಯುವ ಕೆಲಸ. ಗಂಡ ದಾದಾಪೀರ ದರ್ಗಾದ ಹತ್ತಿರ ಬಳೆ ಮಾರುತ್ತಿದ್ದ. ಮಂಗಳವಾರ ಮತ್ತು ಶುಕ್ರವಾರ ಬೆಳಗಿನ ಪಾಳಿ ಅವಳದು. ಶುಕ್ರವಾರದಿಂದ ಮಂಗಳವಾರದವರೆಗಿನ ನಾಲ್ಕು ದಿನ ಅವಳಿಗೆ ಬಹಳ ಕಷ್ಟದವು. ಕಾಲು ಊದುತ್ತಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಸಾಲುತ್ತಿರಲಿಲ್ಲ. ಸಣ್ಣ ಲೋಟದಲ್ಲಿ ಅಳೆದು ನೀರು ಕುಡಿಯುತ್ತಿದ್ದಳು. ಬಾಳೆಹಣ್ಣು, ಎಳನೀರು ಅವಳಿಗೆ ವಿಷ. ಅವುಗಳಲ್ಲಿ ಪೊಟ್ಯಾಸಿಯಂ ಎಂಬ ಲವಣ ಹೆಚ್ಚು. ನಮ್ಮ ನಿಮ್ಮ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸತ್ತವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯವನ್ನು ನಿಲ್ಲಿಸಿಬಿಡಬಹುದು.

ಆ ವರ್ಷವೇ ನಮ್ಮ ಭಾಗದಲ್ಲಿ ಒಂದು ಒಕ್ಕೂಟ ಹುಟ್ಟಿತು. ದೇಶದ ಪ್ರತಿ ಪ್ರಜೆಗೂ ಚಿಕಿತ್ಸೆ ಹಕ್ಕಾಗಬೇಕು, ಅದಕ್ಕೆ ದೆಹಲಿಯಲ್ಲಿ ಕಾನೂನು ಬರಬೇಕು ಎಂಬುದು ಅದರ ಬೇಡಿಕೆ. ಬೇಡಿಕೆ ನೂರಕ್ಕೆ ನೂರು ಸರಿಯಾಗಿತ್ತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ. ಇಪ್ಪತ್ತೆರಡು ಸಂಘಟನೆಗಳು ಸೇರಿದ್ದವು: ಶಿಕ್ಷಕರು, ವಕೀಲರು, ಆಶಾ ಕಾರ್ಯಕರ್ತೆಯರು, ಲಾರಿ ಮಾಲೀಕರು, ಖಾಸಗಿ ವೈದ್ಯರು, ಔಷಧ ಅಂಗಡಿಯವರು, ನಮ್ಮ ನರ್ಸುಗಳ ಸಂಘವೂ ಸಹ. ಸಂಘದ ಪರವಾಗಿ ನಾನೂ ಮೂರು ಸಭೆಗೆ ಹೋಗಿದ್ದೆ.

ಮೊದಲ ಸಭೆಯಲ್ಲಿ ಬ್ಯಾನರಿನ ಮೇಲೆ ಯಾರ ಹೆಸರು ಮೊದಲು ಬರಬೇಕು ಎಂಬ ಜಗಳ. ಎರಡನೆಯದರಲ್ಲಿ ಅದೇ ಜಗಳದ ಮುಂದುವರಿಕೆ. ಮೂರನೆಯದರಲ್ಲಿ ಬೇಡಿಕೆ ಪಟ್ಟಿ ಕೈಗೆತ್ತಿಕೊಂಡರು. ಖಾಸಗಿ ವೈದ್ಯರು ದರ ನಿಯಂತ್ರಣದ ಸಾಲು ತೆಗೆಸಿದರು. ಔಷಧ ಅಂಗಡಿಯವರು ಉಚಿತ ಔಷಧದ ಸಾಲಿಗೆ ಕಾಟು ಹೊಡೆಸಿದರು. ಪ್ರತಿ ತಾಲೂಕಿನಲ್ಲೂ ಡಯಾಲಿಸಿಸ್‌ಗೆ ಮೂರನೇ ಪಾಳಿ ಬೇಕು ಎಂದು ನಾನು ಬರೆಸಿದ್ದ ಸಾಲು 'ಬಹಳ ಸ್ಥಳೀಯ'ವಾಯಿತಂತೆ, ಅದೂ ಹೋಯಿತು. ಕೊನೆಗೆ 'ಎಲ್ಲರಿಗೂ ಆರೋಗ್ಯ' ಎಂಬ ಎರಡು ಶಬ್ದ ಉಳಿದವು. ಅದನ್ನು ಬೇಡ ಎನ್ನುವವರು ಯಾರು? ಎಲ್ಲರೂ ಚಪ್ಪಾಳೆ ಹೊಡೆದು ಚುರುಮುರಿ ತಿಂದರು.

ಒಕ್ಕೂಟದ ಸಂಚಾಲಕ ಗುರುನಾಥ ಸರ್ ಎಂಬ ವಕೀಲರು. ಇಸ್ತ್ರಿ ಮುರಿಯದ ಖಾದಿ ಜುಬ್ಬಾ, ಕಂಕುಳಲ್ಲಿ ಸದಾ ಒಂದು ಫೈಲು. ಶಿಗ್ಗಾಂವದಲ್ಲಿ ಹೆದ್ದಾರಿ ಪಕ್ಕದ ಕಲ್ಯಾಣಮಂಟಪದಲ್ಲಿ ಸಮಾವೇಶ ಎಂದು ನಿಗದಿಯಾದ ಮೇಲೆ ಒಂದು ದಿನ ನಮ್ಮ ವಾರ್ಡಿಗೆ ಬಂದರು.

"ಒಬ್ಬರು ಪೇಷಂಟ್ ಬೇಕ್ರಿ ಸಿಸ್ಟರ್. ಸ್ಟೇಜಿನ ಮ್ಯಾಲೆ ತಮ್ಮ ಕಷ್ಟ ಹೇಳ್ಕೊಳ್ಳುವಂಥವರು. ಮಂದಿ ಕಣ್ಣಾಗ ನೀರು ಬರಬೇಕು ನೋಡ್ರಿ."

ಸಮಾವೇಶ ಇದ್ದದ್ದು ಮಂಗಳವಾರ. ಆವತ್ತು ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಆದರೆ ಯಂತ್ರಕ್ಕೆ ಕೈ ಕೊಟ್ಟು ಮಲಗಿದ್ದ ಮಾಬೂಬಿ ತಲೆ ಎತ್ತಿದಳು.

"ನಾ ಹೋಗ್ತೇನಿ ಸಿಸ್ಟರ್. ವಾರಕ್ಕ ಮೂರು ಸಲ ಬೇಕು, ಎರಡ ಸಲ ಕೊಡಾಕತ್ತಾರ ಅಂತ ಒಂದ ಮಾತ ಹೇಳಿ ಬರ್ತೇನಿ. ಹೇಳವರ ಇಲ್ಲಂದ್ರ ಅವರಿಗರ ಹೆಂಗ ಗೊತ್ತಾಗಬೇಕು?"

ಅವಳ ಮುಖ ನೋಡಿ ನಾನು ಸಡಿಲಾದೆ. ಬೆಳಗಿನ ಪಾಳಿಯನ್ನು ಮಧ್ಯಾಹ್ನ ಎರಡಕ್ಕೆ ಬದಲಿಸಿಕೊಟ್ಟೆ. ಈ ಕಥೆಯಲ್ಲಿ ನಾನು ಬೈಯುವವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ. ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ: ಹನ್ನೆರಡರೊಳಗೆ ಮಾತಾಡಿಸಿ ಕಳಿಸಬೇಕು. ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಏನೂ ಕೊಡಬಾರದು. ಗುರುನಾಥ ಸರ್ ಹಾಳೆಯನ್ನು ಓದದೆ ಫೈಲಿಗೆ ಸೇರಿಸಿದರು. "ನಮ್ಮ ಮನಿ ಮಗಳಂಗ ನೋಡ್ಕೋತೀವ್ರಿ" ಎಂದರು.

ಆ ದಿನ ನಾನು ಡ್ಯೂಟಿಯಲ್ಲಿದ್ದೆ. ಅಲ್ಲಿ ನಡೆದದ್ದನ್ನು ಆಮೇಲೆ ಮಾಬೂಬಿ ಮತ್ತು ಅವಳ ಜೊತೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ದಾದಾಪೀರ ಹೇಳಿದರು. ಹತ್ತಕ್ಕೆ ಶುರುವಾಗಬೇಕಾದ ಸಮಾವೇಶ ಹನ್ನೊಂದೂವರೆಗೆ ಶುರುವಾಯಿತು. ಇಪ್ಪತ್ತೆರಡು ಸಂಘಟನೆಗಳ ಇಪ್ಪತ್ತೆರಡು ಅಧ್ಯಕ್ಷರಿಗೂ ಶಾಲು, ಹಾರ, ಫೋಟೊ. ನಮ್ಮ ಕಡೆ ಸನ್ಮಾನದಲ್ಲಿ ಒಬ್ಬರನ್ನು ಬಿಟ್ಟರೆ ಅವರು ಸಾಯುವ ತನಕ ಮರೆಯುವುದಿಲ್ಲ. ಸನ್ಮಾನ ಮಾಡಿಸಿಕೊಂಡವರೆಲ್ಲ 'ಎರಡೇ ಮಾತು' ಎಂದು ಮೈಕು ಹಿಡಿದರು. ಆ ಎರಡು ಮಾತಿಗೆ ಹತ್ತು ನಿಮಿಷ. ಮಾಬೂಬಿಯ ಹೆಸರನ್ನು ಕೊನೆಗೆ ಹಾಕಿದ್ದರು. ಆಕೆ ಮೊದಲೇ ಮಾತಾಡಿದರೆ ಜನ ಎದ್ದು ಹೋಗುತ್ತಾರೆ ಎಂಬ ಲೆಕ್ಕಾಚಾರವಂತೆ. ಭಲೇ ಬುದ್ಧಿವಂತರು!

ಅವಳನ್ನು ವೇದಿಕೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು. ಏಪ್ರಿಲ್ ಬಿಸಿಲು, ಮೇಲೆ ತಗಡಿನ ಸೂರು. ಬಂದ ಅತಿಥಿಯನ್ನು ಬರಿಗೈಯಲ್ಲಿ ಕೂರಿಸುವುದು ನಮ್ಮಲ್ಲಿ ಅವಮಾನ. ಲಾರಿ ಮಾಲೀಕರ ಅಧ್ಯಕ್ಷರು ತಾವೇ ಒಂದು ಎಳನೀರು ತಂದು ಅವಳ ಕೈಗೆ ಕೊಟ್ಟರು. ಅವಳು "ಬ್ಯಾಡ್ರಿ, ನನಗ ನಡಿಯಂಗಿಲ್ಲ" ಎಂದಳು. "ಎಳನೀರು ನಡಿಯಂಗಿಲ್ಲ ಅಂದ್ರ ಏನಬೇ? ಬೀಮಾರ್ ಮಂದಿಗೆ ಅದ ಔಷಧ, ಕುಡಿ" ಎಂದರು ಆ ಹಿರಿಯರು. ಪಕ್ಕದಲ್ಲಿ ಕುಳಿತವರು ಒಬ್ಬ ವೈದ್ಯರು. ಅವರು ತಮ್ಮ ಭಾಷಣದ ಚೀಟಿ ತಿದ್ದುತ್ತಿದ್ದರು. ಇನ್ನೊಂದು ಸಂಘದವರು ನಾವೇನು ಕಡಿಮೆ ಎಂದು ಎರಡನೆಯ ಎಳನೀರು ತಂದರು. ಮತ್ತೊಬ್ಬರು ಬಾಳೆಹಣ್ಣು ಸುಲಿದೇ ಕೊಟ್ಟರು. ಎಲ್ಲರೂ ನೋಡುತ್ತಿದ್ದರು, ಫೋಟೊ ತೆಗೆಯುತ್ತಿದ್ದರು. ನಾಲ್ಕು ದಿನದ ದಾಹ ಬೇರೆ. ಆಕೆ ಕುಡಿದಳು.

ಎರಡೂವರೆಗೆ ನಾನು ಗುರುನಾಥ ಸರ್‌ಗೆ ಫೋನ್ ಮಾಡಿದೆ.

"ಇನ್ನ ನಾಲ್ಕ ಸನ್ಮಾನ ಉಳದಾವ್ರಿ ಸಿಸ್ಟರ್. ಆಮ್ಯಾಲ ಆಕಿದ ಪಾಳಿ."

"ಸರ್, ಆಕಿ ಜೀವ ಹೋಗತೈತ್ರಿ! ಈಗಿಂದೀಗ ಕಳಸ್ರಿ!" ಎಂದು ನಾನು ವಾರ್ಡೆಲ್ಲ ಕೇಳುವಂತೆ ಕೂಗಿದೆ.

"ಹಿಂಗ ಅರ್ಧಕ್ಕ ಕಳಸಿದ್ರ ಕಾರ್ಯಕ್ರಮ ಕೆಡತೈತ್ರಿ" ಎಂದು ಇಟ್ಟುಬಿಟ್ಟರು.

ದಾದಾಪೀರನಿಗೆ ಫೋನ್ ಹಚ್ಚಿದೆ. ಯಾರ ಮಾತೂ ಕೇಳಬೇಡ, ಎತ್ತಿಕೊಂಡು ಬಾ ಎಂದೆ. ಅವನು ಆಟೋದಲ್ಲಿ ಹಾಕಿಕೊಂಡು ಬಂದಾಗ ಮೂರೂಕಾಲು. ಅವಳಿಗೆ ಕಾಲು ಎತ್ತಲು ಆಗುತ್ತಿರಲಿಲ್ಲ. ನಾಡಿ ನಲವತ್ತಕ್ಕೆ ಇಳಿದಿತ್ತು. ಇಸಿಜಿಯಲ್ಲಿ ಗೆರೆಗಳು ತಂಬುವಿನ ಹಾಗೆ ಚೂಪಾಗಿ ಎದ್ದಿದ್ದವು. ಅಂಥ ಗೆರೆ ಕಂಡರೆ ಲ್ಯಾಬ್ ವರದಿಗೆ ಕಾಯಬಾರದು. ಡ್ಯೂಟಿ ಡಾಕ್ಟರು ಹೃದಯ ಕಾಯುವ ಕ್ಯಾಲ್ಸಿಯಂ ಇಂಜೆಕ್ಷನ್ನನ್ನು ನಿಧಾನವಾಗಿ ರಕ್ತನಾಳಕ್ಕೆ ಬಿಡುತ್ತಿದ್ದರೆ ನಾನು ಯಂತ್ರ ಜೋಡಿಸಿದೆ. ಆಮೇಲೆ ಬಂದ ವರದಿಯಲ್ಲಿ ಪೊಟ್ಯಾಸಿಯಂ ಏಳು ದಾಟಿತ್ತು. ಐದರೊಳಗೆ ಇರಬೇಕಾದದ್ದು ಅದು. ಒಂದು ತಾಸಿನ ಬಳಿಕ ನಾಡಿ ಅರವತ್ತಕ್ಕೆ ಏರಿತು. ಮಾಬೂಬಿ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನನ್ನ ಹೆಸರ ಕರದರೇನ್ರಿ?"

ನಾನು ವಾರ್ಡಿನ ಹೊರಗೆ ಹೋಗಿ ಅತ್ತೆ.

ಶುಕ್ರವಾರ ಗುರುನಾಥ ಸರ್ ನಾಲ್ಕು ಜನರನ್ನು ಕಟ್ಟಿಕೊಂಡು ಅವಳನ್ನು ನೋಡಲು ಬಂದರು. ಕೈಯಲ್ಲಿ ಹಣ್ಣಿನ ಬುಟ್ಟಿ. ಅದರಲ್ಲಿ ಏನಿತ್ತು ಅಂತೀರಿ? ಬಾಳೆಹಣ್ಣು, ಮೋಸಂಬಿ, ಮೇಲೆ ಅಂದವಾಗಿ ಕೆತ್ತಿದ ಎಳನೀರು! ಥೂ, ನಾಚಿಕೆಗೇಡು. ನಾನು ಬಾಯಿ ತೆರೆಯುವ ಮೊದಲೇ ಮಾಬೂಬಿ ಮಾತಾಡಿದಳು.

"ಬರ್ರಿ ಸರ್, ಕುಂದರ್ರಿ. ಅವತ್ತ ನನ್ನ ಪಾಳಿ ಬರಲಿಲ್ಲ. ಇವತ್ತ ನಾಲ್ಕ ತಾಸ ನಾ ಎಲ್ಲೂ ಹೋಗಂಗಿಲ್ಲ."

ಅವರು ಕೈಗಡಿಯಾರ ನೋಡಿಕೊಂಡರು. "ಹಿರೇಕೆರೂರಾಗ ಸಭೆ ಐತಿ ತಾಯಿ, ಮತ್ತೊಮ್ಮೆ ಬರ್ತೇವಿ."

"ಹಂಗಾರ ನಿಂತ ಕೇಳ್ರಿ. ವಾರಕ್ಕ ಮೂರು ಸಲ ಮಿಷಿನ್ ಬೇಕು. ಎರಡ ಸಲ ಕೊಡಾಕತ್ತಾರ. ಅಷ್ಟರಿ ನಂದು."

ಆಗ ನಾನು ಅವಳ ಬಿಪಿ ನೋಡುತ್ತಿದ್ದೆ. ತೋಳಿನ ಪಟ್ಟಿಯ ಗಾಳಿ ಪೂರ್ತಿ ಇಳಿಯುವುದರೊಳಗೆ ಅವಳ ಭಾಷಣ ಮುಗಿದಿತ್ತು. ಇಷ್ಟು ಹೊತ್ತನ್ನು ಇಪ್ಪತ್ತೆರಡು ಸಂಘಟನೆಗಳು ಅವಳಿಗೆ ಕೊಡಲಾರದೆ ಹೋದವು. ಗುರುನಾಥ ಸರ್ ತಲೆಯಾಡಿಸಿ ಹೊರಟರು. ಬುಟ್ಟಿಯನ್ನು ನಾನು ಅವರ ಹಿಂದೆಯೇ ಒಯ್ದು ಕಾರಿನಲ್ಲಿ ಇಟ್ಟು ಬಂದೆ.

ಒಕ್ಕೂಟದ ವರದಿ ಪುಸ್ತಕ ಚೆನ್ನಾಗಿಯೇ ಅಚ್ಚಾಯಿತು. ಮುಖಪುಟದಲ್ಲಿ ಎಳನೀರು ಹಿಡಿದ ಮಾಬೂಬಿಯ ಚಿತ್ರ, ಮೇಲೆ 'ಎಲ್ಲರಿಗೂ ಆರೋಗ್ಯ'. ನಾನು ಆ ಮುಖಪುಟ ಹರಿದು ಡಯಾಲಿಸಿಸ್ ವಾರ್ಡಿನ ಗೋಡೆಗೆ ಅಂಟಿಸಿದೆ. ರೋಗಿಗೆ ಏನು ಕೊಡಬೇಕು ಎಂದು ಯೋಚಿಸುವ ಮೊದಲು ಏನು ಕೊಡಬಾರದು ಎಂದು ರೋಗಿಯನ್ನೇ ಕೇಳಬೇಕು. ಕೇಳಿದ ಮೇಲೆ ಅವರು ಹೇಳಿದ್ದನ್ನು ನಂಬಬೇಕು. ನನ್ನ ವೃತ್ತಿ ಕಲಿಸಿದ್ದು ಇಷ್ಟೇ, ಅದೂ ಬಹಳ ತಡವಾಗಿ.

ಆ ಚಿತ್ರ ಈಗಲೂ ಅಲ್ಲೇ ಇದೆಯಂತೆ. ಹೊಸ ರೋಗಿ ಯಾರಾದರೂ ಬಂದರೆ ಮಾಬೂಬಿ ಮಲಗಿದ್ದಲ್ಲಿಂದಲೇ ಅದನ್ನು ತೋರಿಸುತ್ತಾಳಂತೆ: "ಇದನ್ನ ಕುಡೀಬ್ಯಾಡ್ರಿ. ಎಂಥಾ ದೊಡ್ಡವರ ಕೊಟ್ರೂ ಬ್ಯಾಡ ಅನ್ರಿ." ಅವಳಿಗೆ ಈಗಲೂ ವಾರಕ್ಕೆ ಎರಡೇ ಸಲ.