ಮುಚ್ಚಳ ತೆಗೆಯದ ಐಸ್ ಪೆಟ್ಟಿಗೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಗೊತ್ತಿರುವ ವಿಷಯದಲ್ಲಿ ಯಾರಾದರೂ ಅಡ್ಡ ಮಾತಾಡಿದರಂತೂ ಮುಗಿದೇ ಹೋಯಿತು. ನೈರೋಬಿಯಲ್ಲಿದ್ದ ವರ್ಷಗಳಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ವಿಷಯ ಒಂದೇ, ತಂಪು. ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಂಪನಿಯೊಂದರಲ್ಲಿ ಲಸಿಕೆಗಳನ್ನಿಡುವ ಕೋಲ್ಡ್ ರೂಮ್ ನನ್ನ ಸುಪರ್ದಿಯಲ್ಲಿತ್ತು. ಹೊರಗೆ ಲಾರಿಗಳು ಬಿಸಿಲಿನಲ್ಲಿ ಗಂಟೆಗಟ್ಟಲೆ ಜಾಮ್‌ನಲ್ಲಿ ನಿಂತಿರುತ್ತಿದ್ದವು. ನಾನು ಒಳಗೆ ಸ್ವೆಟರ್ ಹಾಕಿಕೊಂಡು ಥರ್ಮಾಮೀಟರ್ ನೋಡುತ್ತಿದ್ದೆ. ಮೈಸೂರಿನಿಂದ ಬಂದ ಇಪ್ಪತ್ತೇಳರ ಹುಡುಗಿ, ಕೈಕೆಳಗೆ ಆರು ಜನ. ಜಂಬದ ಕೋಳಿಯಾಗಲು ಅಷ್ಟು ಸಾಕಿತ್ತು.

ವಾಸ ಅದೇ ಊರಿನ ಪಂಗಾನಿ ಬಡಾವಣೆಯಲ್ಲಿ, ಮಂಗಳೂರಿನ ಕ್ರಿಶ್ಚಿಯನ್ ದಂಪತಿಯ ಮನೆಯ ಹಿಂದಿನ ಕೋಣೆಯಲ್ಲಿ. ಅಂಕಲ್ ವರ್ಕ್‌ಶಾಪ್ ಒಂದರಲ್ಲಿ ದುಡಿದು ನಿವೃತ್ತರಾದವರು, ಆಂಟಿ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದವರು. ತಮ್ಮತಮ್ಮಲ್ಲಿ ಕೊಂಕಣಿ, ನನ್ನ ಜೊತೆ ಮಂಗಳೂರು ಕನ್ನಡ. ನಾನು ಮಾಂಸ ತಿನ್ನದವಳೆಂದು ಅಂಕಲ್ ನನಗೆ ಪುಳಿಚಾರು ಎಂದೇ ಹೆಸರಿಟ್ಟಿದ್ದರು. ನನ್ನ ಸಾರಿನ ವಾಸನೆ ಬಂದ ದಿನ ಮಾತ್ರ ಅದೇ ಬಾಯಿ ಸುಮ್ಮನೆ ಒಂದು ಬಟ್ಟಲು ಹಿಡಿದುಕೊಂಡು ಹಿತ್ತಲ ಬಾಗಿಲಿಗೆ ಬರುತ್ತಿತ್ತು. ಈಗ ನೆನೆದರೆ ಅಂಥ ಮನೆ ನನಗೆ ಮತ್ತೆ ಎಲ್ಲೂ ಸಿಗಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇಸವಿ. ಆಂಟಿಗೆ ಹೊಟ್ಟೆಯ ಆಪರೇಷನ್ ಆಯಿತು. ಗಾಯ ಮಾಯಿತು, ಆದರೆ ಊಟ ಸೇರಲಿಲ್ಲ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುವರು. ಹೀಗೇ ಆದರೆ ಮತ್ತೆ ಅಡ್ಮಿಟ್ ಮಾಡಬೇಕಾಗುತ್ತದೆ ಎಂದು ಡಾಕ್ಟರ್ ಹೇಳಿದ ದಿನ ಅಂಕಲ್ ಗೇಟಿನ ಹತ್ತಿರ ಸುಮಾರು ಹೊತ್ತು ಒಬ್ಬರೇ ನಿಂತಿದ್ದರು. ಆ ವಾರವೇ ಆಂಟಿ, ಗಿನಿ ಕೋಳಿಯ ಸುಕ್ಕ ಆದರೆ ತಿಂದೇನು ಎಂದು ಬಾಯಿಬಿಟ್ಟರು. ಸಾಕಿದ್ದಲ್ಲ, ಬಯಲಿನದ್ದು. ಅಂಕಲ್ ಕೂಡಲೇ ಕೋವಿಗೆ ಎಣ್ಣೆ ಹಚ್ಚಲು ಕುಳಿತರು.

ಕೆನ್ಯಾದಲ್ಲಿ ಪ್ರಾಣಿ ಬೇಟೆ ಎಂದೋ ನಿಂತಿತ್ತು. ಲೈಸೆನ್ಸ್ ಇದ್ದವರು ವರ್ಷಕ್ಕೆ ಕೆಲವು ತಿಂಗಳು ಹಕ್ಕಿ ಹೊಡೆಯಬಹುದಿತ್ತು, ಅಷ್ಟೆ. ಅಂಕಲ್ ಗುರಿ ತಪ್ಪಿದ್ದನ್ನು ಕಂಡವರಿಲ್ಲ ಎಂದು ಚರ್ಚಿನಲ್ಲಿ ಎಲ್ಲರೂ ಹೇಳುತ್ತಿದ್ದರು, ಅಂಕಲ್ ಸ್ವತಃ ಇನ್ನೂ ಸ್ವಲ್ಪ ಜಾಸ್ತಿ ಹೇಳುತ್ತಿದ್ದರು. ಅವರ ಚಿಂತೆ ಗುರಿಯದ್ದಲ್ಲ, ಬಿಸಿಲಿನದ್ದು. ಕಜಿಯಾಡೊ ಕಡೆಯ ಬಯಲಿನಿಂದ ಮನೆಗೆ ತರುವಷ್ಟರಲ್ಲಿ ಮಾಂಸ ಕೆಟ್ಟರೆ ಏನು ಗತಿ ಎಂದರು. ತಂಪಿನ ವಿಷಯ ನನಗೆ ಬಿಡಿ ಎಂದೆ. ಕಂಪನಿಯಲ್ಲಿ ಮೂಲೆಗೆ ಹಾಕಿದ್ದ ಹಳೆಯ ಲಸಿಕೆ ಪೆಟ್ಟಿಗೆಯೊಂದನ್ನು ಕೇಳಿ ತಂದೆ, ಐಸ್ ಪ್ಯಾಕುಗಳನ್ನು ಕಲ್ಲಿನಂತೆ ಹೆಪ್ಪುಗಟ್ಟಿಸಿದೆ. ಶನಿವಾರ ಬೆಳಕು ಹರಿಯುವಾಗ ಅವರ ಹಳೆಯ ಪಿಕಪ್ಪಿನಲ್ಲಿ ನಾವಿಬ್ಬರೇ ಹೊರಟೆವು.

ಒಂಬತ್ತು ಗಂಟೆಯೊಳಗೆ ಏಳು ಹಕ್ಕಿ ಬಿದ್ದವು. ಒಂದು ಈಡೂ ದಂಡವಾಗಲಿಲ್ಲ. ಅಂಕಲ್ ಜೇಬಿನಿಂದ ಚಾಕು, ದಾರ ತೆಗೆದರು. ಅವರ ಪದ್ಧತಿ ಹಳೆಯದು. ಹಕ್ಕಿಯ ಹೊಟ್ಟೆ ಬಗೆದು ಕರುಳು ತೆಗೆದು, ಒಳಗೆ ಒಣಹುಲ್ಲು ತುರುಕಿ, ಮರದ ನೆರಳಿನಲ್ಲಿ ಗಾಳಿಗೆ ನೇತುಹಾಕುವುದು. ಮೈ ಆರಿದ ಮೇಲೆ ಐಸ್. ನನಗೆ ನೋಡಿಯೇ ತಲೆ ಕೆಟ್ಟಿತು. ನೊಣ, ಧೂಳು, ಮೇಲೆ ಈ ಬಿಸಿಲು! ನಮ್ಮ ಕಂಪನಿಯಲ್ಲಿ ನಿಯಮವೆಂದರೆ ನಿಯಮ. ಸರಕು ಪೆಟ್ಟಿಗೆಗೆ ಹೋಗಬೇಕು, ಮುಚ್ಚಳಕ್ಕೆ ಟೇಪ್ ಬೀಳಬೇಕು, ಊರು ಮುಟ್ಟುವವರೆಗೆ ಯಾರೂ ಮುಟ್ಟಬಾರದು.

"ಅದಕ್ಕೆ ಸ್ವಲ್ಪ ಗಾಳಿ ಬೇಕು ಮಾರಾಯ್ತಿ. ಮೈಯ ಬಿಸಿ ಹೋಗ್ಲಿ, ಮತ್ತೆ ಹಾಕುವ" ಎಂದರು ಅಂಕಲ್.

"ಅಂಕಲ್, ದಿನಾ ನಾನು ಮಾಡೋ ಕೆಲ್ಸ ಇದು. ನೀವು ಗುರಿ ನೋಡ್ಕೊಳ್ಳಿ, ತಂಪು ನಾನ್ ನೋಡ್ಕೋತೀನಿ."

ತಂದೆಯ ವಯಸ್ಸಿನವರ ಮುಂದೆ ಆಡಿದ ಮಾತು ಅದು. ಅವರು ಚಾಕು ಮಡಚಿ ಜೇಬಿಗೆ ಹಾಕಿಕೊಂಡರು. ಓದಿದ ಹುಡುಗಿ, ಅವಳಿಗೆ ತಿಳಿದಿರುತ್ತದೆ ಎಂದುಕೊಂಡಿರಬೇಕು. ನಾನು ಏಳು ಹಕ್ಕಿಗಳನ್ನೂ ಗರಿ, ಕರುಳು ಸಮೇತ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ, ಸುತ್ತಲೂ ಐಸ್ ಪ್ಯಾಕ್ ಜೋಡಿಸಿ, ಮುಚ್ಚಳಕ್ಕೆ ಮೂರು ಸುತ್ತು ಟೇಪ್ ಹಾಕಿದೆ. ಪೆಟ್ಟಿಗೆಯ ಅಂಚಿನ ಥರ್ಮಾಮೀಟರ್ ನಾಲ್ಕು ಡಿಗ್ರಿ ತೋರಿಸುತ್ತಿತ್ತು. ದಾರಿಯುದ್ದಕ್ಕೂ ಅದನ್ನು ಅಂಕಲ್‌ಗೆ ಓದಿ ಹೇಳಿದ್ದೇ ಹೇಳಿದ್ದು. ಇಂಡಸ್ಟ್ರಿಯಲ್ ಏರಿಯಾ ಹತ್ತಿರ ಎರಡು ಗಂಟೆ ಜಾಮ್‌ನಲ್ಲಿ ಬೆಂದೆವು. ಆಗಲೂ ನಾಲ್ಕೇ ಡಿಗ್ರಿ.

ಸಂಜೆ ಪಂಗಾನಿಯ ಅಂಗಳದಲ್ಲಿ ಟೇಪ್ ಕಿತ್ತೆ. ವಾಸನೆ ಮುಖಕ್ಕೆ ಹೊಡೆಯಿತು. ನಡುವಿನ ಹಕ್ಕಿಗಳು ಇನ್ನೂ ಬೆಚ್ಚಗಿದ್ದವು, ಹೊಟ್ಟೆ ಹಸಿರುಗಟ್ಟಿತ್ತು. ಅಂಚಿನ ಥರ್ಮಾಮೀಟರ್ ದಿನವಿಡೀ ತೋರಿಸಿದ್ದು ಪಕ್ಕದ ಐಸಿನ ತಂಪನ್ನು. ಹೊರಗಿನವನ್ನೂ ಬಾಯಿಗಿಡುವಂತಿರಲಿಲ್ಲ. ನಮ್ಮ ಲಸಿಕೆಗಳು ಪೆಟ್ಟಿಗೆಗೆ ಬರುವಾಗಲೇ ತಣ್ಣಗಿರುತ್ತವೆ. ಆ ಪೆಟ್ಟಿಗೆ ತಣ್ಣಗಿರುವುದನ್ನು ತಣ್ಣಗಿಡುತ್ತದೆ, ಬಿಸಿ ಇರುವುದನ್ನು ಬಿಸಿಯಾಗಿಯೇ ಕಾಪಾಡುತ್ತದೆ. ಇದನ್ನೇ ನಾನು ಎಷ್ಟು ಜನರಿಗೆ ಟ್ರೇನಿಂಗ್‌ನಲ್ಲಿ ಕಲಿಸಿರಲಿಲ್ಲ! ಓದಿ ಓದಿ ಮರುಳಾದ ಕೂಚಂಭಟ್ಟ ಎಂದು ಅಜ್ಜಿ ಬೈಯುತ್ತಿದ್ದುದು ಇಂಥವರನ್ನೇ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಳಗೆ ಆಂಟಿ ಕಾಯುತ್ತಿದ್ದರು.

ಅಂಕಲ್ ಗುದ್ದಲಿ ತಂದು ಹಿತ್ತಲಲ್ಲಿ ಗುಂಡಿ ತೋಡಿ ಏಳನ್ನೂ ಹೂತರು, ಕೈ ತೊಳೆದರು. ಆಮೇಲೆ ಒಳಗೆ ಹೋಗಿ ಆಂಟಿಯ ಮಂಚದ ಪಕ್ಕದಲ್ಲಿ ನಿಂತರು. ನಾನು ಬಾಗಿಲಲ್ಲಿದ್ದೆ.

"ಒಂದೂ ಸಿಗ್ಲಿಲ್ಲ. ಕಣ್ಣು ಮಂಜಾಗಿದೆ, ಹೊಡೆದದ್ದೆಲ್ಲ ತಪ್ಪಿತು" ಎಂದರು.

ಆಂಟಿ ಗಂಡನ ಮುಖವನ್ನೇ ನೋಡಿದರು. ಬೂಟು ತುಂಬ ಧೂಳು, ಬಿಸಿಲಿಗೆ ಕಪ್ಪಾದ ಮುಖ, ಜೋತುಬಿದ್ದ ಭುಜ. ಕೊಂಕಣಿಯಲ್ಲಿ ಏನೋ ಮೆಲ್ಲಗೆ ಹೇಳಿ, ಗೋಡೆ ಹಿಡಿದುಕೊಂಡು ಎದ್ದರು. ವಾರಗಳ ನಂತರ ಅಡುಗೆಮನೆಗೆ ಕಾಲಿಟ್ಟರು. ನಾನು ಮಾಡುತ್ತೇನೆಂದರೆ ಕೈ ಸರಿಸಿದರು. ಕುಚ್ಚಲಕ್ಕಿ ಗಂಜಿ ಬೇಯಿಸಿ, ಗಂಡನಿಗೆ ಎರಡು ಮೊಟ್ಟೆ ಹುರಿದು, ಮಾವಿನ ಉಪ್ಪಿನಕಾಯಿ ಮೇಜಿಗಿಟ್ಟರು. ಅಂಕಲ್‌ಗೆ ಹಸಿವಿಲ್ಲವಂತೆ. ನೀವು ತಿನ್ನದೆ ನಾನೂ ತಿನ್ನುವುದಿಲ್ಲ ಎಂದು ಆಂಟಿ ಹಟ ಹಿಡಿದು, ತಮ್ಮ ತಟ್ಟೆಗೂ ಬಡಿಸಿಕೊಂಡು ಅವರೆದುರು ಕುಳಿತರು. ಅವರು ಒಂದು ತುತ್ತು ತಿಂದರೆ ಇವರೂ ಒಂದು ತುತ್ತು. ವಯಸ್ಸಾದ ಮೇಲೆ ಎಲ್ಲರಿಗೂ ಗುರಿ ತಪ್ಪುತ್ತದೆ ಎಂದು ನಡುನಡುವೆ ಸಮಾಧಾನ.

ನಾನೂ ಅದೇ ಮೇಜಿಗೆ ಗಂಜಿ ಕಲಕುತ್ತ ಕುಳಿತಿದ್ದೆ. ಅಂಕಲ್ ಇಷ್ಟು ವರ್ಷ ಕಾಪಾಡಿಕೊಂಡ ಗುರಿಕಾರನೆಂಬ ಹೆಸರನ್ನು ನನ್ನ ಜಂಬಕ್ಕಾಗಿ ಕಳೆದುಕೊಂಡು ಕುಳಿತಿದ್ದರು. ಇನ್ನು ತಡೆಯಲಾರೆ, ಹೇಳಿಯೇ ಬಿಡುತ್ತೇನೆಂದು, "ಆಂಟೀ, ನಿಜವಾಗ್ಲೂ ಏನಾಯ್ತು ಅಂದ್ರೆ" ಎಂದು ಶುರು ಮಾಡಿದೆ.

ಮೇಜಿನ ಕೆಳಗೆ ಅಂಕಲ್ ಬೂಟುಗಾಲಿನಿಂದ ನನ್ನ ಪಾದವನ್ನು ಬಲವಾಗಿ ತುಳಿದರು. ಆಂಟಿ ಇನ್ನೊಂದು ಸೌಟು ಗಂಜಿ ಬಡಿಸಿಕೊಳ್ಳುತ್ತಿದ್ದರು.