ಕೂಸಿನ ಗೋರಿ

ಕುಬಿಹಾಳದ ರೇವವ್ವನಿಗೆ ಹೆತ್ತವ್ವನ ಮುಖ ಗೊತ್ತಿಲ್ಲ. ಫೋಟೋ ಇಲ್ಲ, ಸೀರೆಯ ಒಂದು ಚೂರೂ ಇಲ್ಲ. ರೇವವ್ವ ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಗ ಅವ್ವ ಗಂಗವ್ವನಿಗೆ ವಿಷಮಜ್ವರ ಬಂತು. ಅಪ್ಪ ಮಡಿವಾಳೆಪ್ಪ ಚಕ್ಕಡಿಯಲ್ಲಿ ಮಲಗಿಸಿಕೊಂಡು ಅಣ್ಣಿಗೇರಿ ಆಚೆಗಿನ ಮಿಶನ್ ದವಾಖಾನೆಗೆ ಒಯ್ದ. ಹೋದವಳು ತಿರುಗಿ ಬರಲಿಲ್ಲ.

‘ಮಳಿಗಾಲ ಇತ್ತವಾ. ಬೆಣ್ಣಿಹಳ್ಳ ತುಂಬಿ ಬಂದಿತ್ತು. ಹೆಣ ತರಾಕ ಆಗಲಿಲ್ಲ. ಮಿಶನ್ ಮಂದಿ ಅಲ್ಲೇ ಮಣ್ಣ ಮಾಡಿದ್ರಂತ’ ಎಂದು ಅಜ್ಜಿ ಹೇಳುತ್ತಿದ್ದಳು. ಅಷ್ಟೇ ಕತೆ. ಬೆಣ್ಣಿಹಳ್ಳ ಎಂಥದು ಅಂತ ಕಂಡವರಿಗೇ ಗೊತ್ತು. ಬೇಸಿಗೆಯಲ್ಲಿ ಕಾಲಗೆಜ್ಜೆ ಕೂಡ ತೋಯುವುದಿಲ್ಲ. ಮಳೆಗಾಲದಲ್ಲಿ ಎರಿಹೊಲದ ಮಣ್ಣನ್ನೆಲ್ಲ ಕಲಸಿಕೊಂಡು, ಹಗ್ಗ ಹರಿದ ಎಮ್ಮೆಯ ಹಾಗೆ ಕಪ್ಪಗೆ ನುಗ್ಗಿ ಬರುತ್ತದೆ. ಹಳ್ಳ ಇಳಿದ ಮೇಲೆ ಅಪ್ಪ ಬಂದ. ಬಂದವನು ಆ ಮಾತು ಬಾಯಿಗೇ ತರಲಿಲ್ಲ. ವರ್ಷ ತಿರುಗುವುದರೊಳಗೆ ಎರಡನೇ ಮದುವೆ ಮಾಡಿಕೊಂಡ. ಅವ್ವನನ್ನು ಗುರುತಿಲ್ಲದ ಮಂದಿಯ ಕೈಗೆ ಒಗೆದು ಬಂದನಲ್ಲ ಎಂದು ರೇವವ್ವ ಆ ಸಿಟ್ಟನ್ನು ಅಪ್ಪ ಸತ್ತ ಮೇಲೂ ಬಿಡಲಿಲ್ಲ.

ಬಿಡುವುದಕ್ಕೆ ಬೇರೆ ಏನಾದರೂ ಕೈಯಲ್ಲಿರಬೇಕಲ್ಲ! ಕಲಘಟಗಿ ಕಡೆ ಕೊಟ್ಟಿದ್ದರು, ಗಂಡ ಬೇಗ ತೀರಿಕೊಂಡ, ಮಕ್ಕಳಿಲ್ಲ. ಊರಿಗೆ ಬಂದು ಒಂದು ಕೋಣೆ ಹಿಡಿದು, ಹುಬ್ಬಳ್ಳಿಯ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತ ಜೀವನ ಸಾಗಿಸಿದಳು. ರೊಟ್ಟಿ ಅಂದರೆ ಹಾಳೆಯಂಥ ರೊಟ್ಟಿ ಬಿಡಿ. ನೂರು ಮಂದಿಗೆ ಬಡಿದು ಕಳಿಸಿ, ತಾನು ಉಣ್ಣಲು ಕೂತರೆ ಎದುರಿಗೆ ಗೋಡೆ.

ಕಳೆದ ಮಹಾನವಮಿ ಅಮಾವಾಸ್ಯೆ, ಹಿರಿಯರ ಹಬ್ಬ. ಮಲತಮ್ಮ ಕಾಶಿನಾಥನ ಮನೆಯವರೆಲ್ಲ ಹೊಲದ ಮೂಲೆಯಲ್ಲಿರುವ ಹಿರಿಯರ ಗದ್ದಿಗೆಗಳಿಗೆ ಎಡೆ ಇಡುತ್ತಿದ್ದರು. ಕಾಶಿನಾಥನ ಮಗಳು ಅಮೃತಾ, ಬಾಯಿ ಸುಮ್ಮನಿರದ ಹುಡುಗಿ, ಕೇಳಿಯೇ ಬಿಟ್ಟಳು:

‘ಅತ್ತಿ, ನಿಮ್ಮವ್ವಗ ಎಡಿ ಎಲ್ಲಿ ಇಡತೀರಿ?’

‘ಇಡಾಕ ಜಾಗಾ ಬೇಕಲಾ ನನ್ನವ್ವಾ.’

‘ಇಲ್ಲೇ ಅಪ್ಪನ ಬಾಜೂಕ ಇಡಲಾ ಅಕ್ಕಾ, ಎಲ್ಲಾರಿಗೂ ಮುಟ್ಟತೈತಿ’ ಎಂದ ಕಾಶಿನಾಥ. ಒಳ್ಳೆಯ ಮನಸ್ಸಿನವನೇ, ಪಾಪ.

‘ಅಪ್ಪನ ಬಾಜೂಕ ನಿಮ್ಮವ್ವ ಅದಾಳೋ ತಮ್ಮಾ.’

ಅಮೃತಾ ಕೇಳಿದ ಮಾತು ರೇವವ್ವನ ಎದೆಯಲ್ಲಿ ಮುಳ್ಳಾಗಿ ನಿಂತಿತು. ಕಣ್ಣು ಮುಚ್ಚುವುದರೊಳಗೆ ಅವ್ವನ ಮಣ್ಣು ಎಲ್ಲಿದೆ ಎಂದು ನೋಡಬೇಕು, ಒಂದು ಸಲವಾದರೂ ಅವಳ ಮುಂದೆ ಎಡೆ ಇಡಬೇಕು ಎಂದು ಗಟ್ಟಿ ಮಾಡಿಕೊಂಡಳು.

ಹೋಗುವ ಧೈರ್ಯ ಬರುವಷ್ಟರಲ್ಲಿ ಬೇಸಿಗೆ ಬಂತು. ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬದನೆಕಾಯಿ, ಒಂದು ಡಬ್ಬಿ ಹೋಳಿಗೆ ಕಟ್ಟಿಕೊಂಡು ಬಸ್ ಹತ್ತಿದಳು. ದವಾಖಾನೆ ಈಗ ಇಲ್ಲ, ಚರ್ಚ್ ಮಾತ್ರ ಇದೆ. ಅಲ್ಲಿನ ಪಾದ್ರಿಯವರು ಚಿಕ್ಕ ವಯಸ್ಸಿನವರು, ಕುರ್ಚಿ ಹಾಕಿ ನೀರು ಕೊಟ್ಟು, ಮಣ್ಣು ಮಾಡಿದವರ ಹಳೇ ದಫ್ತರ ತೆಗೆದರು. ಬೆರಳು ಓಡಿಸುತ್ತ ಹೋಗಿ ಒಂದು ಹೆಸರಿನ ಮೇಲೆ ನಿಲ್ಲಿಸಿದರು.

‘ಗಂಗವ್ವ, ಗಂಡ ಮಡಿವಾಳೆಪ್ಪ, ಕುಬಿಹಾಳ. ಜ್ವರ. ಇಲ್ಲೇ ಅದಾರ ಅನ್ನೂದು ಖರೇರಿ ಅಮ್ಮಾ.’

‘ಎಲ್ಲಿರೀ?’

‘ಅದನ್ನ ಬರದಿಲ್ರಿ. ಕಲ್ಲ ಹಾಕಿದಾವರ ಗುರ್ತ ಅಷ್ಟ ಉಳದೈತಿ.’

ಹಾಗಾದರೆ ಕಲ್ಲುಗಳನ್ನೇ ನೋಡುತ್ತೇನೆಂದು ರೇವವ್ವ ಸ್ಮಶಾನಕ್ಕೆ ಹೋದಳು. ಅಂದು ಈಸ್ಟರಿನ ಹಿಂದಿನ ದಿನ. ಹಬ್ಬದ ಬೆಳಗ್ಗೆ ಹೂ ಇಡಬೇಕೆಂದು ಮಂದಿ ತಮ್ಮ ತಮ್ಮವರ ಗೋರಿಗಳಿಗೆ ಸುಣ್ಣ ಹಚ್ಚುತ್ತಿದ್ದರು. ರೇವವ್ವ ಒಂದೊಂದೇ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಸೆರಗಿನಿಂದ ಧೂಳು ಒರೆಸಿ, ಅಕ್ಷರ ಕೂಡಿಸಿ ಓದಿದಳು. ‘ಕರ್ತನಲ್ಲಿ ನಿದ್ರೆ ಹೋದಳು.’ ಯಾರದೋ ಹೆಂಡತಿ, ಯಾರದೋ ತಾಯಿ. ಗಂಗವ್ವ ಇಲ್ಲ. ಕಲ್ಲಿಲ್ಲದ ದಿಬ್ಬಗಳು ಎಷ್ಟೋ ಇದ್ದವು, ಹುಲ್ಲು ಬೆಳೆದು ನೆಲಕ್ಕೆ ನೆಲವಾಗಿ ಹೋಗಿದ್ದವು. ಬಿಸಿಲೇರಿತು. ಬೇವಿನ ಗಿಡದ ಬುಡದಲ್ಲಿ ಡಬ್ಬಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು.

‘ಯಾರ ಪೈಕಿ ಬಂದೀರಿ?’

ಸುಣ್ಣದ ಬಕೆಟ್ ಹಿಡಿದ ಮುದುಕಿ. ಹೆಸರು ಸುಗುಣಾಬಾಯಿ, ಆ ಚರ್ಚಿನ ಓಣಿಯವಳೇ. ರೇವವ್ವ ಇದ್ದದ್ದು ಇದ್ದಂತೆ ಹೇಳಿದಳು.

‘ಅಯ್ಯ, ನನಗ ತಿಳೀಲಿಲ್ರಿ. ನಾ ಇಲ್ಲಿಗೆ ಸೊಸಿಯಾಗಿ ಬಂದಾಕಿ’ ಎಂದು ಸುಗುಣಾಬಾಯಿ ನಿಟ್ಟುಸಿರು ಬಿಟ್ಟಳು. ‘ತಡೀರಿ, ಒಂದ್ ಕೂಸಿನ ಗೋರಿ ಉಳದೈತಿ, ಸುಣ್ಣಾ ಬಳದು ಬರ್ತೀನಿ. ಆಮ್ಯಾಲ ನಮ್ಮನಿಗೆ ಹೋಗೂಣು, ಚಾ ಕುಡದ ಹೋಗೀರಂತ.’

ಕಾಂಪೌಂಡಿನ ಗೋಡೆಯ ಹತ್ತಿರ ಗಿಡ್ಡದೊಂದು ಗೋರಿ. ಸುಗುಣಾಬಾಯಿ ಅದಕ್ಕೆ ಸುಣ್ಣ ಬಳಿದು, ಸೆರಗಿನ ಗಂಟಿನಿಂದ ನಾಲ್ಕು ಪೆಪ್ಪರಮೆಂಟ್ ಬಿಚ್ಚಿ ಅದರ ಮೇಲಿಟ್ಟಳು.

‘ನಿಮ್ಮ ಕೂಸೇನ್ರಿ?’

‘ಇಲ್ರಿ, ಯಾರದೋ ಪರದೇಶಿ ಕೂಸು. ನಮ್ಮತ್ತಿ ಸಾಯೂಮುಂದ ಹೇಳಿ ಸತ್ತಾಳ, ಹಬ್ಬಕ್ಕ ಇದನ್ನ ಹಂಗ ಬಿಡಬ್ಯಾಡ ಅಂತ. ತೆಗ್ಗ ತಗದದ್ದಷ್ಟ ಕಂಡಿದ್ಲಂತ, ಕೂಸನ್ನ ನೋಡಿದ್ದಿಲ್ಲ. ಒಂದ್ ಮಾತ್ ಮಾತ್ರ ಆಕಿ ಬಾಳ ಆಡ್ತಿದ್ಲ ನೋಡ್ರಿ. ಇಷ್ಟ್ ಸಣ್ಣ ಕೂಸಿಗೆ ಎದಿಮಟ ತೆಗ್ಗ ಯಾಕ ತಗದಿದ್ರೋ ಅಂತ.’

ರೇವವ್ವ ಎದ್ದು ಬಂದಳು. ಸುತ್ತಲಿನ ಗೋರಿಗಳೆಲ್ಲ ಉದ್ದ, ಆಳು ಮಲಗುವಷ್ಟು. ಇದೊಂದೇ ಚೌಕ. ಅವಳು ಮೊಣಕೈಯಿಂದ ಅಳೆದು ನೋಡಿದಳು. ಆ ಕಡೆಗೆ ಎಷ್ಟೋ ಈ ಕಡೆಗೂ ಅಷ್ಟೇ. ಕಾಶಿನಾಥನ ಹೊಲದ ಮೂಲೆಯಲ್ಲಿರುವ ಗದ್ದಿಗೆಗಳದೂ ಇದೇ ಅಳತೆ. ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಕಾಲು ಮಡಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಕೂಡಿಸಿಯೇ ಮಣ್ಣು ಕೊಡುತ್ತಾರೆ. ಕೂತವರಿಗೆ ಉದ್ದ ಬೇಡ, ಆಳ ಬೇಕು.

‘ಇದು ಕೂಸಲ್ರಿ’ ಎಂದಳು. ‘ನಮ್ಮವ್ವ. ಕುಂತಾಳ.’

ಅರ್ಥವಾಗಲು ಸುಗುಣಾಬಾಯಿಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಸುಣ್ಣದ ಕೈಯನ್ನೇ ಬಾಯಿಗೆ ಹಿಡಿದಳು.

‘ಅಯ್ ಯೇಸಪ್ಪಾ! ಹಂಗಾರ ಇಷ್ಟ ವರ್ಷ ನಾ ನಿಮ್ಮವ್ವಗ ಪೆಪ್ಪರಮೆಂಟ್ ತಿನಸೀನೇನ?’

‘ತಿಂದಿರತಾಳ ಬಿಡ್ರಿ. ಸಾಯೂಮುಂದ ಆಕಿಗರ ಏನ ವಯಸ್ಸು? ನಮಗ ಮೊಮ್ಮಗಳಾಗೂವಷ್ಟ.’

ಇಬ್ಬರೂ ನಕ್ಕರು, ಇಬ್ಬರ ಕಣ್ಣೂ ತುಂಬಿದವು. ಮಿಶನ್ ಮಂದಿಗೆ ಕೂಡಿಸಿ ಹೂಳುವುದು ಎಲ್ಲಿ ಗೊತ್ತು? ಮಳೆಯಲ್ಲಿ ಆ ಗುಂಡಿ ತೆಗೆದವನು, ಹೆಂಡತಿಯನ್ನು ಎತ್ತಿ ಒಳಗೆ ಕೂಡಿಸಿದವನು ಅಪ್ಪನೇ ಇರಬೇಕು. ಒಬ್ಬನೇ ಇದ್ದನೋ, ಯಾರಾದರೂ ಕೈ ಹಚ್ಚಿದರೋ. ಊರಿಗೆ ಬಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಕೇಳಲು ಇವಳಿಗೂ ಬರಲಿಲ್ಲ. ಇಷ್ಟು ವರ್ಷದ ಸಿಟ್ಟನ್ನು ಈಗ ಎಲ್ಲಿ ಇಳಿಸಬೇಕೋ ಅವಳಿಗೆ ತಿಳಿಯಲಿಲ್ಲ.

ಗೇಟಿನಲ್ಲಿ ಸುಗುಣಾಬಾಯಿಯ ಮಗ ಕೂಗಿದ. ‘ಬರ್ರಿ, ಚಾ...’ ಎಂದಳು ಅವಳು.

‘ನೀವು ನಡೀರಿ. ನಾ ಉಂಡು ಬರ್ತೀನಿ.’

ಅವಳು ಹೋದಳು. ಸ್ಮಶಾನ ಬರಿದಾಯಿತು. ರೇವವ್ವ ಹಸಿ ಸುಣ್ಣದ ಮುಂದೆ ಬಾಳೆಎಲೆ ಹಾಸಿ ಎಲ್ಲವನ್ನೂ ಬಡಿಸಿದಳು, ರೊಟ್ಟಿ ಮುರಿದು ತನಗೂ ಒಂದಿಷ್ಟು ತೆಗೆದುಕೊಂಡಳು. ಎದುರಿಗೆ ಕೂಡಬೇಕು ಅಂದುಕೊಂಡಾಗ ತೊಡಕಾಯಿತು: ಯಾವ ಕಡೆ ಎದುರು? ಮುಖ ಯಾವ ದಿಕ್ಕಿಗಿರಬೇಕು ಎಂದು ಪದ್ಧತಿ ಉಂಟು, ಆದರೆ ಸೂರ್ಯ ಕಾಣದ ಆ ಮಳೆಯಲ್ಲಿ ಅಪ್ಪ ಯಾವ ಕಡೆಗೆ ತಿರುಗಿಸಿ ಕೂಡಿಸಿದ್ದನೋ. ಬೆನ್ನ ಹಿಂದೆ ಕೂತು ಉಣ್ಣುವುದಕ್ಕೆ ಮನಸ್ಸೊಪ್ಪಲಿಲ್ಲ.

ಎಲೆ ಎತ್ತಿಕೊಂಡು ಈ ಬದಿಗೆ ಕೂತು ಒಂದು ತುತ್ತು ಉಂಡಳು. ಎದ್ದು ಆ ಬದಿಗೆ ಹೋಗಿ ಮತ್ತೊಂದು. ಆಮೇಲೆ ಗೋಡೆಯ ಬದಿಗೂ, ಬೇವಿನ ಗಿಡದ ಬದಿಗೂ.

‘ಈಗ ನಾ ಕಾಣತೀನೇನಬೇ?’ ಎಂದು ಪ್ರತಿ ಸಲವೂ ಕೇಳಿದಳು.