ಸೆರಗಿನ ಎಳೆ

ನಮ್ಮಪ್ಪ ಬಡಿಯುವ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸತ್ತವರ ಬಗ್ಗೆ ಒಳ್ಳೆಯದನ್ನಷ್ಟೇ ಬರೆಯಬೇಕು ಅನ್ನುವವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು, ನನಗೇನೂ ಬೇಜಾರಿಲ್ಲ. ಬೆಟಗೇರಿಯಲ್ಲಿ ಅವನು ನೇಯ್ದ ಸೀರೆಗೆ ಹೆಸರಿತ್ತು, ಅವನ ಏಟಿಗೂ ಅಷ್ಟೇ ಹೆಸರಿತ್ತು. ಎಳೆ ಕಡಿದರೆ ಅವ್ವನಿಗೆ ಏಟು, ಗಂಜಿ ತೆಳುವಾದರೆ ಏಟು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸಡಿಲವಾಗಿ ಸುತ್ತಿದ್ದರೆ ಏಟು. ಕೈಗೆ ಲಾಳಿ ಸಿಕ್ಕರೆ ಲಾಳಿಯಿಂದಲೇ. ಅದರ ತುದಿಗೆ ಕಬ್ಬಿಣದ ಮೊನೆ ಇರುತ್ತದೆ. ಅವ್ವನ ಎಡಹುಬ್ಬು ಎರಡು ಹೋಳಾಗಿತ್ತು. ಕೇಳಿದವರಿಗೆ ಬಾಗಿಲು ಬಡಿಯಿತು ಅನ್ನುತ್ತಿದ್ದಳು. ನಮ್ಮ ಓಣಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸಪ್ಪಳ, ಒಳಗೆ ಯಾರು ಅತ್ತರೂ ಹೊರಗೆ ಕೇಳುತ್ತಿರಲಿಲ್ಲ. ಕೇಳಿದವರೂ ಕೇಳಲಿಲ್ಲ ಅನ್ನುತ್ತಿದ್ದರು.

ಸ್ವಾತಂತ್ರ್ಯ ಬಂದು ಐದಾರು ವರ್ಷಗಳಾಗಿದ್ದವು. ನಮ್ಮ ಮನೆಗೆ ಅದಿನ್ನೂ ಬಂದಿರಲಿಲ್ಲ. ನನಗೆ ಹದಿನೇಳು ತುಂಬಿದಾಗ ಮುಂಡರಗಿಯಿಂದ ಒಂದು ಸಂಬಂಧ ಬಂತು. ನಮ್ಮವರೇ, ಆದರೆ ಎರಡು ತಲೆಮಾರಿನ ಹಿಂದೆಯೇ ಮಗ್ಗ ಬಿಟ್ಟು ಶಾಲೆ ಸೇರಿದವರು. ತಂದೆ ಮಾಸ್ತರರು, ಮಗನೂ ಮಾಸ್ತರ. ತಾಯಿ ಇರಲಿಲ್ಲ. ಮನೆ ನಡೆಸುತ್ತಿದ್ದವಳು ಹುಡುಗನ ಸೋದರತ್ತೆ, ಗಂಡ ತೀರಿಕೊಂಡ ಮೇಲೆ ತಮ್ಮನ ಮನೆ ಸೇರಿದವಳು. ಹಿರಿಯ ಮಾಸ್ತರರು ಏಕೀಕರಣದ ಸಭೆ ಎಲ್ಲಿದ್ದರೂ ಹೋಗಿ ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಮುಂಬಯಿ, ಹೈದರಾಬಾದು ಎಂದು ಹರಿದು ಹಂಚಿಹೋದ ಕನ್ನಡದವರೆಲ್ಲ ಒಂದಾಗಬೇಕು ಅನ್ನುವುದೇ ಅವರ ಮಾತು. ನನಗೆ ಅದ್ಯಾವುದೂ ಬೇಕಿರಲಿಲ್ಲ. ಹುಡುಗ ಕಪ್ಪಗಿದ್ದಾನೋ ಬೆಳ್ಳಗಿದ್ದಾನೋ ಅದೂ ಬೇಕಿರಲಿಲ್ಲ. ಆ ಮನೆಯಿಂದ ಹೊರಬಿದ್ದರೆ ಸಾಕಿತ್ತು.

ನೋಡಲು ಬಂದ ದಿನ ಅತ್ತೆ, ಮದುಮಗಳ ಸೀರೆಯನ್ನು ಗದಗಿನ ಪೇಟೆಯಲ್ಲಿ ತೆಗೆಯೋಣ ಅಂದಳು. ಅಪ್ಪನಿಗೆ ಮೂಗಿನ ತುದಿಗೆ ಸಿಟ್ಟು ಬಂತು.

"ನೇಕಾರನ ಮಗಳು ಅಂಗಡಿ ಸೀರಿ ಉಟ್ಟು ಹಸಿಮಣಿ ಏರತಾಳೇನ್ರಿ? ನಾನs ನೇಯ್ತೀನಿ. ಸೆರಗು ಅಪ್ಪಟ ರೇಷ್ಮಿ. ಒಂದು ಎಳಿ ಸುಳ್ಳಾದ್ರ ನನ್ನ ಮೀಸಿ ಬೋಳಸ್ರಿ."

ಮಾಸ್ತರರು ನಕ್ಕು ಒಪ್ಪಿದರು. ಅತ್ತೆ ನಗಲಿಲ್ಲ.

ಆಮೇಲಿನ ಒಂದು ತಿಂಗಳು ನಮ್ಮ ಮನೆಯಲ್ಲಿ ಯಾರೂ ಕಂಡು ಕೇಳದ ಸಂಗತಿ ನಡೆಯಿತು. ಸೀರೆಯ ಒಡಲು ಹತ್ತಿಯದು, ಅದರ ಕಂಡಿಕೆಯನ್ನು ಎಂದಿನಂತೆ ಅವ್ವ ಸುತ್ತಿದಳು. ಸೆರಗಿನ ಸರದಿ ಬಂದಾಗ ಅಪ್ಪ ಅವಳನ್ನು ರಾಟಿಯಿಂದ ಎಬ್ಬಿಸಿ ತಾನೇ ಕೂತ. ಹುಟ್ಟಿದಾಗಿನಿಂದ ರಾಟಿ ಮುಟ್ಟದ ಮನುಷ್ಯ! ಅದು ಹೆಂಗಸರ ಕೆಲಸ ಎಂದು ಉಗುಳುತ್ತಿದ್ದವನು. ಕೆಂಪು ನೂಲನ್ನು ತಾನೇ ಬಣ್ಣಕ್ಕೆ ಹಾಕಿದ, ತಾನೇ ಸುತ್ತಿದ, ಒಡಲಿಗೆ ಸೆರಗಿನ ಎಳೆಗಳನ್ನು ತಾನೇ ಕೂಡಿಸಿದ. ನಮ್ಮಿಬ್ಬರನ್ನೂ ಮಗ್ಗದ ಹತ್ತಿರ ಬಿಡಲಿಲ್ಲ. ದೃಷ್ಟಿಯಾಗುತ್ತದೆ ಎಂದ. ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿಹೋದರು. ಮಗಳೆಂದರೆ ಎಂಥ ಜೀವ ನೋಡು ಎಂದರು. ನಾನೂ ಹಾಗೇ ಅಂದುಕೊಂಡೆ. ಒಂದು ಮಧ್ಯಾಹ್ನ ಅವನು ಬಗ್ಗಿ ರಾಟಿ ತಿರುಗಿಸುವುದನ್ನು ನೋಡಿ ನನಗೆ ಅಳುವೇ ಬಂತು. ಇಷ್ಟು ವರ್ಷ ಅವನನ್ನು ದ್ವೇಷ ಮಾಡಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಮದುವೆಯ ಬಟ್ಟೆಯನ್ನೆಲ್ಲ ಎರಡೂ ಕಡೆಯವರು ಕೂತು ಆರಿಸಿ ಗಂಟು ಕಟ್ಟುವುದಕ್ಕೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ಬಸ್ತಾದ ದಿನ ಜಗಳವಾಗದ ಮದುವೆಯನ್ನು ನಾನು ನೋಡಿಲ್ಲ. ಮಾವನಿಗೆ ತಲೆಗೆ ಸುತ್ತಲು ಕೊಟ್ಟ ಪಟಗಾ ಸಣ್ಣದಾಯಿತು, ಚಿಗವ್ವನ ಸೀರೆಯ ಅಂಚು ಅಗಲವಾಯಿತು, ಏನೋ ಒಂದು. ನಮ್ಮ ಬಸ್ತಾಕ್ಕೆ ಮುಂಡರಗಿಯಿಂದ ಮಾಸ್ತರರು, ಅವರ ಮಗ, ಅತ್ತೆ, ಮೂವರೂ ಬಂದರು. ಪೇಟೆಗೆ ಹೋಗುವ ಮೊದಲು ಮದುಮಗಳ ಸೀರೆ ನೋಡೋಣ ಎಂದು ನಮ್ಮ ಮನೆಯಲ್ಲಿ ಜಮಖಾನೆ ಹಾಸಿ ಕೂತರು. ಅಪ್ಪ ಸೀರೆ ಬಿಚ್ಚಿದ. ಹಸಿರು ಒಡಲು, ಕೆಂಪು ಸೆರಗು. ನೋಡಿದ ಕಣ್ಣು ಅಲ್ಲೇ ನಿಲ್ಲಬೇಕು, ಅಷ್ಟು ಚಂದ.

ಅತ್ತೆ ತನ್ನ ಚೀಲದಿಂದ ಇನ್ನೊಂದು ಸೀರೆ ತೆಗೆದು ಪಕ್ಕಕ್ಕಿಟ್ಟಳು. ಬರುವಾಗ ಗದಗಿನ ಅಂಗಡಿಯಲ್ಲಿ ಕೊಂಡದ್ದು, ಮೈತುಂಬ ರೇಷ್ಮೆಯದು.

"ಎರಡೂ ಇರ್ಲಿ. ಯಾವ್ದು ಚಲೋ ಐತಿ ಅದನ್ನ ಉಡಸೋಣು," ಅಂದಳು.

ಅಪ್ಪ ಆ ಸೀರೆಯನ್ನು ಕಾಲಿನಿಂದ ಆಚೆ ತಳ್ಳಿದ. ಹೌದು, ಕಾಲಿನಿಂದ. "ರೇಷ್ಮಿ ಅಂತ! ಇದು ಚಮಕ ಐತಿ, ಚಮಕ. ಮಿಲ್ಲಿನ ನಕಲಿ ನೂಲು. ನಿಮಗ ಟೋಪಿ ಹಾಕ್ಯಾರ."

ಅತ್ತೆಯ ಮುಖ ಕೆಂಪಾಯಿತು. ಮಾತಿಗೆ ಮಾತು ಬೆಳೆಯಿತು. ಮಗ್ಗ ಬಿಟ್ಟವರಿಗೆ ನೂಲಿನ ಗುರುತು ಎಲ್ಲಿಂದ ಬರಬೇಕು ಎಂದು ಅಪ್ಪ ಕೂಗಾಡಿದ. ಆಗ ಎದ್ದವಳು ನಾನು. ಯಾರೂ ನನ್ನನ್ನು ಕರೆದಿರಲಿಲ್ಲ. ಅಪ್ಪನನ್ನು ಗೆಲ್ಲಿಸಬೇಕು ಅನ್ನುವ ಹುಮ್ಮಸ್ಸು ನನಗೆ. ನೇಕಾರರ ಮನೆಯ ಹುಡುಗಿಗೆ ರೇಷ್ಮೆಯನ್ನು ಗುರುತಿಸಲು ಎಳೆ ಸುಟ್ಟು ನೋಡುವುದು ಹೇಳಿಕೊಡಬೇಕಾದ ವಿದ್ಯೆಯಲ್ಲ. ನಿಜವಾದ ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ತುದಿಯಲ್ಲಿ ಕರಿಯ ಗಂಟು. ಚಮಕವಾದರೆ ಕಾಗದದ ಹಾಗೆ ಭಗ್ಗನೆ ಉರಿದು ಬೂದಿ.

ಅತ್ತೆಯ ಸೀರೆಯ ಎಳೆಯೊಂದನ್ನು ದೇವರ ಜಗಲಿಯ ದೀಪಕ್ಕೆ ಹಿಡಿದೆ. ಕೂದಲಿನ ವಾಸನೆ ಮನೆಯೆಲ್ಲ ಹಬ್ಬಿತು. ಅಪ್ಪಟ ರೇಷ್ಮೆ.

"ಈಗ ನಿಮ್ದು ಸುಡ್ರಿ," ಅಂದಳು ಅತ್ತೆ.

"ಬ್ಯಾಡ!" ಅಪ್ಪ ಕೂಗಿದ. "ಮದವಿ ಸೀರಿ ಎಳಿ ಕೀಳಬಾರದು!"

ಸೀರೆ ಕೆಡುತ್ತದೆ ಎಂದು ಹೆದರುತ್ತಿದ್ದಾನೆ ಅಂದುಕೊಂಡೆ. ಸೆರಗಿನ ಕುಚ್ಚಿನ ತುದಿಯಿಂದ ಒಂದೇ ಒಂದು ಎಳೆ ತೆಗೆದೆ, ಹೆಮ್ಮೆಯಿಂದಲೇ ದೀಪಕ್ಕೆ ಹಿಡಿದೆ. ಅದು ಭಗ್ಗನೆ ಉರಿಯಿತು. ಬೂದಿ ನನ್ನ ಬೆರಳ ಮೇಲೆ ಬಿತ್ತು. ಕೂದಲಿನ ವಾಸನೆ ಬರಲಿಲ್ಲ.

ಅಪ್ಪ ಒಂದು ಗಳಿಗೆ ನನ್ನನ್ನು ನೋಡಿದ. ಆಮೇಲೆ ತಿರುಗಿ, ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಅವ್ವನ ಕೆನ್ನೆಗೆ ಹೊಡೆದ. ತಟ್ಟೆ ಹಾರಿತು, ಚಹಾ ಗೋಡೆಗೆ ಚೆಲ್ಲಿತು.

"ಕಂಡಿಕಿ ಸುತ್ತಾಕಿ ನೀನು! ನೂಲು ಬದಲ ಮಾಡೀದಿ, ನನ್ನ ಮಾನ ಕಳದಿ!" ಎಂದು ಜುಟ್ಟು ಹಿಡಿದು ನೆಲಕ್ಕೆ ಬಡಿದ. ಒಂದು ಸಲವಲ್ಲ. ಅವಳ ಬಾಯಿಂದ ರಕ್ತ ಬಂತು. ಬಳೆ ಒಡೆದು ಕೈಗೆ ಚುಚ್ಚಿದವು. ಮೂರನೆಯ ಸಲ ಎತ್ತಿದ ಕೈಯನ್ನು ಯಾರೋ ಗಟ್ಟಿಯಾಗಿ ಹಿಡಿದುಕೊಂಡರು. ನೋಡಿದರೆ ಹುಡುಗ. ಅಷ್ಟೊತ್ತು ಬಾಗಿಲ ಬಳಿ ತಲೆ ತಗ್ಗಿಸಿ ಕೂತಿದ್ದವನು.

"ಸಾಕ್ರಿ. ಹೆಣ್ಮಕ್ಕಳ ಮ್ಯಾಲೆ ಕೈ ಮಾಡಬ್ಯಾಡ್ರಿ."

ನಮ್ಮ ಮನೆಯಲ್ಲಿ ಆ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ. ಹೊರಬಿದ್ದರೆ ಸಾಕು ಅಂದುಕೊಂಡವಳಿಗೆ ಆ ಕ್ಷಣದಿಂದ ಈ ಮನುಷ್ಯನ ಮನೆಗೇ ಹೋಗಬೇಕು ಅನ್ನಿಸಿತು, ಹೋಗದಿದ್ದರೆ ಸಾಯುತ್ತೇನೆ ಅನ್ನಿಸಿತು. ಆದರೆ ಸಿಟ್ಟು ನನ್ನ ಕೈಯಲ್ಲಿರಲಿಲ್ಲ. ನಾನೂ ಅವನದೇ ಮಗಳು. ಮಗ್ಗದ ಮೇಲಿದ್ದ ಲಾಳಿ ತೆಗೆದು ಅಪ್ಪನತ್ತ ಬೀಸಿ ಒಗೆದೆ. ಕಿವಿಯ ಮೇಲೆ ಬಿತ್ತು. ಕಿವಿ ಹರಿದು ರಕ್ತ ಅಂಗಿಯ ಕಾಲರಿಗೆ ಇಳಿಯಿತು.

"ಸುಳ್ಳ! ಅವ್ವ ಅಲ್ಲ, ಸೆರಗಿಂದು..."

ಮುಗಿಸಲಿಲ್ಲ. ಅವ್ವ ನೆಲದಿಂದ ಎದ್ದು ಬಂದು ನನ್ನ ಬಾಯಿಯ ಮೇಲೆ ಹೊಡೆದಳು. ಜೀವಮಾನದಲ್ಲಿ ಅವಳು ನನ್ನನ್ನು ಹೊಡೆದದ್ದು ಅದೊಂದೇ ಸಲ. ತುಟಿ ಸೀಳಿತು.

"ಅಪ್ಪನ ಮ್ಯಾಲೆ ಕೈ ಮಾಡ್ತೀ? ನಾನs ಬದಲ ಮಾಡೀನ್ರಿ," ಎಂದು ಮಾಸ್ತರರತ್ತ ತಿರುಗಿದಳು. "ರೇಷ್ಮಿ ನೋಡಿ ಆಸಿ ಆತು. ತಗದು ಇಟಗೊಂಡೆ. ಅವರಿಗೇನೂ ಗೊತ್ತಿಲ್ಲ."

"ಕಳ್ಳಿ," ಅಂದಳು ಅತ್ತೆ. "ಮಗಳ ಸೀರಿಗೂ ಕನ್ನ ಹಾಕಿದಾಕಿ."

ಮಾಸ್ತರರು ಎದ್ದು ಚಪ್ಪಲಿ ಮೆಟ್ಟಿ, ಮತ್ತೆ ಬಿಟ್ಟು ಬಂದರು. ಹೆಂಗಸರ ಆಸೆ ಬೇರೆ, ಮನೆಯ ಯಜಮಾನನೇ ಮಾತು ಕೊಟ್ಟು ಮೋಸ ಮಾಡಿದ್ದರೆ ಅಂಥ ಮನೆಯ ಹೆಣ್ಣು ತಮಗೆ ಬೇಡವೇ ಬೇಡ ಎಂದರು. ನಂತರ ನನ್ನ ಹತ್ತಿರ ಬಂದು ನಿಂತರು.

"ನೀ ಏನೋ ಹೇಳಾಕ ಹೊಂಟಿದ್ದಿ. ಅಂಜಬ್ಯಾಡ. ಖರೆ ಹೇಳವಾ, ಸೆರಗಿನ ಕಂಡಿಕಿ ಸುತ್ತಿದವರು ಯಾರು?"

ನನಗೆ ಗೊತ್ತಿತ್ತು. ಓಣಿಗೆ ಓಣಿಗೇ ಗೊತ್ತಿತ್ತು. ಅಪ್ಪ ಕಿವಿ ಹಿಡಿದುಕೊಂಡು ಗೋಡೆ ನೋಡುತ್ತಿದ್ದ. ಹುಡುಗ ನನ್ನನ್ನು ನೋಡುತ್ತಿದ್ದ. ಅವ್ವನನ್ನು ನೋಡುವ ಧೈರ್ಯ ನನಗಾಗಲಿಲ್ಲ.

"ಅವ್ವ ಸುತ್ತಿದ್ಲು," ಅಂದೆ.

ಯಾರೂ ನನ್ನ ಕತ್ತು ಹಿಸುಕಿ ಹೇಳಿಸಲಿಲ್ಲ. ನಾನೇ ಹೇಳಿದೆ.

ಅತ್ತೆಯ ಸೀರೆಯನ್ನೇ ಉಟ್ಟು ಮದುವೆಯಾದೆ. ಅಪ್ಪ ತನ್ನ ಸೀರೆಯನ್ನು ಆ ದಿನವೇ ಹಿತ್ತಿಲಲ್ಲಿ ಕುಡಗೋಲಿನಿಂದ ಕತ್ತರಿಸಿ ಚೂರು ಚೂರು ಮಾಡಿದ. ಒಳ್ಳೆಯ ಹತ್ತಿಯ ಒಡಲೂ ಹೋಯಿತು. ಮುಂಡರಗಿಯಲ್ಲಿ ನನ್ನ ಮೇಲೆ ಯಾರೂ ಕೈ ಎತ್ತಲಿಲ್ಲ. ಮಾವನವರು ನನಗೆ ಪತ್ರಿಕೆ ಓದುವುದನ್ನು ಕಲಿಸಿದರು. ಅತ್ತೆಯ ಬಾಯಿ ಜೋರು, ಕೈ ಅಲ್ಲ. ಯಜಮಾನರಂತೂ ನಾನು ಸಾರು ಸುರುವಿದರೂ ತಾವೇ ಒರೆಸುವ ಜಾತಿ. ಮೊದಲ ವರ್ಷ ಯಾರಾದರೂ ಹತ್ತಿರದಲ್ಲಿ ಪಟಕ್ಕನೆ ಕೈ ಎತ್ತಿದರೆ, ಅದು ಗೋಡೆಯ ಮಾಡದೊಳಗಿನ ಡಬ್ಬಿ ತೆಗೆಯಲಿಕ್ಕೇ ಇರಲಿ, ನಾನು ತಲೆ ಮುಚ್ಚಿಕೊಂಡು ಕುಕ್ಕರಿಸಿಬಿಡುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಯಜಮಾನರು ನಗಲಿಲ್ಲ.

ಅವ್ವ ನಮ್ಮ ಮನೆಗೆ ಬಂದದ್ದು ಒಂದೇ ಸಲ, ನಾಡು ಒಂದಾದ ಮರುವರ್ಷ. ಮಾವನವರು ಕಂಡಕಂಡವರಿಗೆ ಪೇಢೆ ಹಂಚಿದ ಸಂಭ್ರಮ ಆಗಲೂ ಇಳಿದಿರಲಿಲ್ಲ, ತುಂಗಭದ್ರೆಯಾಚೆಯ ಬೀಗರೆಲ್ಲ ಬಂದುಹೋಗುತ್ತಿದ್ದರು. ಅವ್ವ ಒಳಗೆ ಕಾಲಿಟ್ಟಳು. ಅತ್ತೆ ಎದ್ದು, ಅವಳ ಕಣ್ಣೆದುರೇ ಬಟ್ಟೆಯ ಟ್ರಂಕಿಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವ್ವ ಅದನ್ನು ನೋಡಿ ಹೊಸ್ತಿಲ ಬಳಿಯೇ ಕೂತಳು. ನಾನು ಏನಂದೆ? ನೀರು ಕೊಡಲೇ ಅಂದೆ.

ಮಧ್ಯಾಹ್ನ ಅತ್ತೆ ಮಲಗಿದ ಮೇಲೆ ಅವ್ವನ ಪಕ್ಕ ಕೂತೆ. ಅಪ್ಪನ ಸಂಗತಿಯನ್ನು ಅವಳೇ ತೆಗೆದಳು. ರೇಷ್ಮೆಯನ್ನು ಅಂಟು ಬಿಡಿಸಲು ಸೋಡಾ ನೀರಲ್ಲಿ ಕುದಿಸುವಾಗ ಹೊತ್ತು ಮೀರಿ ಬಿಟ್ಟಿದ್ದನಂತೆ. ಎಳೆಯೆಲ್ಲ ಬೆಂದು ಶಾವಿಗೆಯ ಹಾಗೆ ಕೈಯಲ್ಲಿ ಕಿತ್ತುಬಂದಿತ್ತು. ತಿಪ್ಪೆಯಲ್ಲಿ ಹೂತಿದ್ದನ್ನು ಅವಳು ಅಂದೇ ಕಂಡಿದ್ದಳು. ಕೆಟ್ಟಿತು ಅನ್ನುವ ಒಂದು ಮಾತು ಅವನ ಬಾಯಿಂದ ಬರಲಿಲ್ಲ, ಚಮಕ ತಂದು ಸುತ್ತುತ್ತ ಕೂತ.

"ಗೊತ್ತಿದ್ದೂ ಯಾಕ ನಿನ್ನ ಮ್ಯಾಲೆ ಹಾಕ್ಕೊಂಡಿ?" ಎಂದು ಕೇಳಿದೆ. "ನಾನರ ಯಾಕ ಹಂಗ ಹೇಳಿದೆ?" ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆಳೆದುಕೊಂಡು, ಒಳಮನೆಯತ್ತ ನೋಡಿ ದನಿ ತಗ್ಗಿಸಿದಳು.

"ಇಲ್ಲಿ ಯಾರೂ ಬಡಿಯಂಗಿಲ್ಲಲ್ಲ?"

"ಇಲ್ಲವಾ."

"ಒಮ್ಮೆನೂ?"

"ಒಮ್ಮೆನೂ ಇಲ್ಲ."

"ಆತು ಬಿಡು," ಅಂದಳು ಅವ್ವ. ಆಮೇಲೆ ಸೆರಗು ಹೊದ್ದುಕೊಂಡು, ಗದಗಿನ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು.